ಆ ರಾತ್ರಿ ಪಾಳಿಯವರಿಗೆ

ಶನಿವಾರ ರಾತ್ರಿ ಹನ್ನೊಂದೂವರೆ. ಸರಬರಾಜುದಾರರ ಎಫ್‌ಟಿಪಿ (ಫೈಲು ಸಾಗಿಸುವ ಹಳೆಯ ವಿಧಾನ) ಸರ್ವರ್‌ನಿಂದ ಬಿಲ್ ಫೈಲುಗಳನ್ನು ಎಳೆದುಕೊಳ್ಳುವ ನನ್ನ ಪೈಥಾನ್ ಪ್ರೋಗ್ರಾಮ್ 'ಫೈಲುಗಳು: 0' ಎಂದು ಬರೆದು ಸುಮ್ಮನಾಗಿತ್ತು. ಎರರ್ ಬಂದಿದ್ದರೂ ಬೇಕಿತ್ತು, ಈ ಮೌನ ಬೇಡ. ಬೆಳಿಗ್ಗೆ ಲೆಕ್ಕ ಕೊಡಬೇಕು.

ಅವರ ಸಹಾಯವಾಣಿಗೆ ಫೋನ್ ಮಾಡಿದೆ. ಟಿಕೆಟ್ ನಂಬರ್ ಕೇಳಬಹುದು ಅಂದುಕೊಂಡರೆ, ಆ ಕಡೆಯವರು, "ಲೈನಲ್ಲೇ ಇರಿ ಸಾರ್, ಲಾಗಿನ್ ಆದಮೇಲೆ ನಾನು ಹೇಳೋ ನಾಲ್ಕಕ್ಷರ ಕಳಿಸಿ" ಅಂದರು. ಎಸ್, ವೈ, ಎಸ್, ಟಿ. ನಿಧಾನವಾಗಿ, ಎರಡು ಸಲ. 'ನೀನು ಯಾವ ಬಗೆಯ ವ್ಯವಸ್ಥೆ?' ಎಂದು ಸರ್ವರನ್ನೇ ಕೇಳುವ ಆದೇಶ ಅದು. ಉತ್ತರ ಬಂತು: '215 ವಿಂಡೋಸ್_ಎನ್‌ಟಿ'.

ಹಿಂದಿನ ವಾರ ಸರ್ವರ್ ಬದಲಾಗಿತ್ತಂತೆ. ನನ್ನ ಕೋಡ್ ಇನ್ನೂ ಯುನಿಕ್ಸ್ ಶೈಲಿಯ ಫೈಲು ಪಟ್ಟಿಯಲ್ಲಿ ಸಾಲಿನ ಮೊದಲಿಗೇ ಬರುವ 'ಡಿ', 'ಆರ್‌ಡಬ್ಲ್ಯು'ಗಳನ್ನೇ ಹುಡುಕುತ್ತಿತ್ತು. ಇಲ್ಲಿ ಸಾಲು ಶುರುವಾಗುವುದೇ ದಿನಾಂಕದಿಂದ. ಆ ನಾಲ್ಕಕ್ಷರ 1985ರ ಎಫ್‌ಟಿಪಿ ನಿಯಮಪತ್ರದಲ್ಲೇ ಇರುವ ಆದೇಶ, ಇಷ್ಟು ವರ್ಷ ಕೋಡ್ ಬರೆದರೂ ನಾನು ಬಳಸಿರಲಿಲ್ಲ!

"ಆ ಹೆಸರೊಂದನ್ನೇ ನಂಬ್ಕೋಬೇಡಿ. ವಿಂಡೋಸಲ್ಲೂ ಪಟ್ಟಿನ ಯುನಿಕ್ಸ್ ಥರ ತೋರಿಸೋ ಹಾಗೆ ಇಟ್ಟಿರ್ತಾರೆ. ಮೊದಲ ಸಾಲನ್ನೂ ನೋಡಿ" ಅಂದರು. ಕೇಳದೇ ಇದ್ದರೂ ಒಂದು ಪರೀಕ್ಷಾ ಫೋಲ್ಡರ್ ಮಾಡಿ, ಹೆಸರಿನ ನಡುವೆ ಜಾಗ ಬಿಟ್ಟ ಫೈಲೊಂದನ್ನು ಅದರಲ್ಲಿಟ್ಟರು. ನನ್ನ ಕೋಡ್ ಅಲ್ಲೂ ಮುಗ್ಗರಿಸಿತು, ಅದು ಬೇರೆ ಮಾತು. ನಾನು ತಿದ್ದುವಷ್ಟು ಹೊತ್ತೂ ಫೋನಿಡಲಿಲ್ಲ. ಟೀ ಹೀರುವ ಸದ್ದು ಮಾತ್ರ ಕೇಳುತ್ತಿತ್ತು.

'ಫೈಲುಗಳು: 214' ಎಂದು ಬಂದಾಗ ನಾನು ಜೋರಾಗಿ ಓದಿಬಿಟ್ಟೆ. "ಸರಿ ಸಾರ್, ಮಲ್ಕೊಳ್ಳಿ" ಅಂದು ಇಟ್ಟರು. ಹೆಸರು ಕೇಳುವುದೇ ಮರೆತೆ. ಥ್ಯಾಂಕ್ಸ್ ಸಾರ್.