ಅಜ್ಜಿಯನ್ನು ವಿವರಿಸಬೇಡ: ಯುವ ಲೇಖಕಿಗೊಂದು ಪತ್ರ

ಪ್ರಿಯ ಹುಡುಗಿ,

ನಿನ್ನ ಅಜ್ಜಿಯ ಬಗ್ಗೆ ನೀನು ಬರೆದ ಹಸ್ತಪ್ರತಿ ತಲುಪಿತು. ಇನ್ನು ಮುಂದೆ ಬರೆಯುವುದನ್ನೇ ಬಿಡುತ್ತೇನೆ ಎಂದು ಅದರೊಳಗಿಟ್ಟಿದ್ದ ಚೀಟಿಯೂ ತಲುಪಿತು. ವಯಸ್ಸಿನಲ್ಲಿ ನಾನು ನಿನಗಿಂತ ನಿನ್ನ ಅಜ್ಜಿಗೇ ಹತ್ತಿರ, ಹಾಗಾಗಿ ಏಕವಚನದಲ್ಲಿಯೇ ಬರೆಯುತ್ತೇನೆ. ಅದಕ್ಕಾಗಿ ಸಿಟ್ಟಾಗಬೇಡ, ಸಿಟ್ಟಾಗಲು ಬೇರೆ ಕಾರಣಗಳನ್ನು ಮುಂದೆ ಕೊಡಲಿದ್ದೇನೆ.

ಅಧ್ಯಾಯಗಳನ್ನು ಹೇಗೆ ಜೋಡಿಸಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಇವನ್ನು ಹೇಳಿಕೊಡಲು ಊರಿಗೆ ನಾಲ್ಕು ಜನ ಸಿಗುತ್ತಾರೆ. ನನಗೆ ಮಾತನಾಡಬೇಕಿರುವುದು ನಿನ್ನ ಏಳನೆಯ ಅಧ್ಯಾಯದ ಬಗ್ಗೆ ಮಾತ್ರ. ಅದಕ್ಕೂ ಮೊದಲು ಆರನೆಯದರ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ.

ದಿನವೂ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವ ಹೆಂಗಸೊಬ್ಬಳು ಮಕ್ಕಳ ಮದುವೆಗಳನ್ನು ಮುಗಿಸಿ, ದೆಹಲಿಯಲ್ಲಿ ವೈದ್ಯರ ತಪಾಸಣೆಗೆ ನಿಂತು, ಗಡಿಯ ಲಿಪುಲೇಖ್ ಕಣಿವೆದಾರಿ ದಾಟಿ ಟಿಬೆಟ್ಟಿಗೆ ಹೋಗುತ್ತಾಳೆ. 1962ರ ಯುದ್ಧದ ನಂತರ ನಿಂತೇಹೋಗಿದ್ದ ಕೈಲಾಸ ಯಾತ್ರೆ ಮತ್ತೆ ಶುರುವಾದದ್ದು 1981ರಲ್ಲಿ. ಆಕೆ ಹೊರಟದ್ದು ಅದಾಗಿ ಹತ್ತು ವರ್ಷಕ್ಕೆ. ಕೈಲಾಸ ಪರಿಕ್ರಮದ ದಾರಿ ಸುಮಾರು 52 ಕಿಲೋಮೀಟರ್. ಅದರಲ್ಲಿ 5,600 ಮೀಟರಿಗೂ ಎತ್ತರದ ಡೋಲ್ಮಾ ಲಾ ಏರಬೇಕಾದ ಹಿಂದಿನ ರಾತ್ರಿ ಆಕೆ ನೀರಿನ ಬಾಟಲಿಯನ್ನು ಮಂಜುಗಟ್ಟದಂತೆ ಕಂಬಳಿಯೊಳಗೆ ಅವುಚಿಕೊಂಡು ಮಲಗಿದ್ದನ್ನು ಬರೆದಿದ್ದೀಯಲ್ಲ, ಅಲ್ಲಿ ನಾನು ಎದ್ದು ಕುಳಿತೆ. ಉಳಿದವರು ಏಳುವ ಮೊದಲೇ ಎದ್ದು, ಲಿಂಗಕ್ಕೆ ಆ ನೀರೆರೆದು, ವಿಭೂತಿ ಹಚ್ಚಿಕೊಂಡು, ಆಮೇಲೆ ಚಹಾ. ಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕಿಕೊಳ್ಳದವಳು. ಕುದುರೆ ಹತ್ತಿ ಹೋದವರನ್ನು ಕಂಡರೆ ಮಾತ್ರ ಆಕೆಗೆ ಬಹಳ ಅಸಡ್ಡೆ. ‘ಅವರ ಪುಣ್ಯವೆಲ್ಲ ಕುದುರೆಗೆ’ ಎಂದಿದ್ದಳಂತೆ! ಈ ಮಾತನ್ನು ತೆಗೆಯಬೇಕೆಂದು ನಿನ್ನ ಚಿಕ್ಕಮ್ಮ ಹಟ ಹಿಡಿದಿದ್ದಾರಂತೆ. ತೆಗೆದರೆ ನನ್ನ ಮನೆಗೆ ಬರಬೇಡ.

ಊರಿಗೆ ಮರಳಿದ ಮೇಲೆ ಯಾರೋ ಆಕೆಯನ್ನು ಕೆಣಕುತ್ತಾರೆ: ದೇವರನ್ನು ಕೊರಳಲ್ಲೇ ಕಟ್ಟಿಕೊಂಡವರಿಗೆ ಅಷ್ಟು ದೂರ ಏನು ಕೆಲಸ? ನ್ಯಾಯವಾದ ಪ್ರಶ್ನೆ. ಶರಣರು ದೇವರನ್ನು ಅಂಗೈಗೆ ತಂದುಕೊಟ್ಟದ್ದೇ ಜನ ಬೆಟ್ಟ, ಹೊಳೆ ಸುತ್ತದಿರಲಿ ಎಂದಲ್ಲವೇ? ಅದಕ್ಕೆ ಆಕೆ, ‘ಅಂಗೈಯಲ್ಲಿರುವವನ ಮನೆ ಹೇಗಿದೆ ಎಂದು ನೋಡಿಕೊಂಡು ಬಂದೆ’ ಎನ್ನುತ್ತಾಳೆ. ಇಡೀ ಹಸ್ತಪ್ರತಿಯಲ್ಲಿ ಇದಕ್ಕಿಂತ ದೊಡ್ಡ ವಾಕ್ಯವಿಲ್ಲ, ಮತ್ತು ಅದು ನಿನ್ನದಲ್ಲ.

ಅಷ್ಟಕ್ಕೆ ಸುಮ್ಮನಿರದೆ ನೀನು ಏಳನೆಯ ಅಧ್ಯಾಯ ಬರೆದೆ. ಹೆಣ್ಣಿಗೆ ಹೊಸ್ತಿಲು ದಾಟಲು ಸಮಾಜ ಕೊಟ್ಟಿದ್ದ ಒಂದೇ ರಹದಾರಿ ಭಕ್ತಿ, ಅಜ್ಜಿ ಅದನ್ನು ಜಾಣತನದಿಂದ ಬಳಸಿಕೊಂಡಳು ಎಂದು ಪುಟಗಟ್ಟಲೆ ವಾದಿಸಿದೆ. ಚೆನ್ನಾಗಿದೆ, ಸಭೆಯಲ್ಲಿ ಓದಿದರೆ ಚಪ್ಪಾಳೆ ಬೀಳುತ್ತದೆ. ಸುಳ್ಳೂ ಅಲ್ಲ: ಪಿಕ್ನಿಕ್ಕಿಗೆ ಹೋಗುತ್ತೇನೆಂದರೆ ನಿನ್ನ ತಾತ ಕಳಿಸುತ್ತಿರಲಿಲ್ಲ. ಆದರೆ ಬೆಟ್ಟವಷ್ಟೇ ಬೇಕಿದ್ದವಳು ಆ ಚಳಿಯಲ್ಲಿ ಬಾಟಲಿಯನ್ನು ಏಕೆ ಅವುಚಿಕೊಂಡಳು? ಆ ಡೇರೆಯೊಳಗೆ ಯಾವ ಸಮಾಜ ನೋಡುತ್ತಿತ್ತು? ನಿನಗೆ ದೇವರಲ್ಲಿ ನಂಬಿಕೆಯಿಲ್ಲ. ನನಗೂ ಇಲ್ಲ. ನಮಗಿಲ್ಲದ್ದು ಆಕೆಗೂ ಇರಲಿಲ್ಲ ಎಂದು ಸಾಬೀತು ಮಾಡಲು ಹೊರಟೆಯಲ್ಲ, ನನ್ನ ತಕರಾರು ಅಲ್ಲಿದೆ.

ಇದು ನನ್ನ ಹಳೆಯ ಸಿಟ್ಟು. ನನ್ನ ತಾಯಿ ಆಷಾಢದಲ್ಲಿ ಒಬ್ಬಳೇ ರೈಲು ಹತ್ತಿ ಪಂಢರಪುರಕ್ಕೆ ಹೋಗಿಬಿಡುತ್ತಿದ್ದಳು. ಆಕೆಯ ಬಗ್ಗೆ ಬರೆದ ಪ್ರಬಂಧವನ್ನು ಒಂದು ವಾರಪತ್ರಿಕೆಗೆ ಕೊಟ್ಟೆ. ಸಂಪಾದಕ ಮಹಾಶಯ ರೈಲನ್ನು ಉಳಿಸಿ ವಿಠ್ಠಲನನ್ನು ಕತ್ತರಿಸಿದ. ಏಕಾದಶಿಯ ಉಪವಾಸ, ಸರತಿಯ ಸಾಲಿನಲ್ಲಿ ಕಳೆದ ರಾತ್ರಿ, ಕೊನೆಗೆ ಪಾದಕ್ಕೆ ಹಣೆ ಮುಟ್ಟಿಸಿದ್ದು, ಎಲ್ಲವೂ ಹೋಯಿತು. ಉಳಿದದ್ದು ರೈಲಿನಲ್ಲಿ ಸೀಟಿಗಾಗಿ ಜಗಳವಾಡುವ ಒಬ್ಬ ದಿಟ್ಟ ಹೆಂಗಸು. ಅದನ್ನು ಮೆಚ್ಚಿ ಬಂದ ಪತ್ರಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಕ್ಕಮಹಾದೇವಿಗೂ ನಾವು ಹೀಗೆಯೇ ಮಾಡುತ್ತೇವೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳ ಧೈರ್ಯವನ್ನು ವೇದಿಕೆಗಳಲ್ಲಿ ಕೊಂಡಾಡಿ, ಆಕೆ ಯಾರನ್ನು ಹುಡುಕಿಕೊಂಡು ನಡೆದಳೋ ಆ ಚೆನ್ನಮಲ್ಲಿಕಾರ್ಜುನನನ್ನು ರೂಪಕವೆಂದು ಬದಿಗಿಡುತ್ತೇವೆ. ಆಕೆಗೆ ಅವನು ಗಂಡ.

ಇನ್ನು ಮಾಲ್ಪಾ. 1998ರ ಆಗಸ್ಟ್‌ನಲ್ಲಿ ಕಾಳಿ ನದಿಯ ದಂಡೆಯ ಆ ಹಳ್ಳಿಯ ಮೇಲೆ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 60 ಮಂದಿ ಕೈಲಾಸಕ್ಕೆ ಹೊರಟಿದ್ದವರು. ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿಯೂ ಇದ್ದರು. ಅದಕ್ಕೂ ಕೆಲವು ವರ್ಷಗಳ ಹಿಂದೆ ನಿನ್ನ ಅಜ್ಜಿ ರಾತ್ರಿ ತಂಗಿದ್ದ ಜಾಗ ಅದು. ನೀನು ಬರೆದದ್ದು ಇಷ್ಟೇ: ‘ಪತ್ರಿಕೆ ಓದಿ ಮಡಚಿಟ್ಟಳಂತೆ. ಮರುದಿನ ಎಂದಿನಂತೆ ಪೂಜೆಗೆ ಕುಳಿತಳಂತೆ.’ ಅಲ್ಲಿಂದ ನೇರವಾಗಿ ಆಕೆಯ ಮೊಣಕಾಲು ನೋವಿಗೆ ಹಾರಿದೆ.

ಎಲ್ಲಿಗೆ ಓಡುತ್ತೀ? ಅವನ ಮನೆ ನೋಡಲು ಹೊರಟವರು ದಾರಿಯಲ್ಲೇ ಮಣ್ಣಿನಡಿ ಹೋದರು. ಮರುದಿನ ಬೆಳಿಗ್ಗೆ ಅವನು ಆಕೆಯ ಅಂಗೈಯಲ್ಲಿದ್ದಾನೆ. ಆಕೆ ಅವನನ್ನು ಏನು ಕೇಳಿದಳು? ಕೇಳಲೇ ಇಲ್ಲವೇ? ಪೂಜೆ ಬೇಗ ಮುಗಿಯಿತೋ, ತಡವಾಯಿತೋ? ಭಕ್ತಿ ಬರಿಯ ರಹದಾರಿಯಾಗಿದ್ದರೆ ಆ ಸುದ್ದಿ ಆಕೆಗೆ ಎಲ್ಲಿಯದೋ ಒಂದು ಅಪಘಾತ, ಅಷ್ಟೇ. ನಿನ್ನ ಏಳನೆಯ ಅಧ್ಯಾಯದಲ್ಲಿ ಆ ಬೆಳಗಿಗೆ ಜಾಗವೇ ಇಲ್ಲ.

ಅದನ್ನು ಕಣ್ಣಾರೆ ಕಂಡವರು ನಿನ್ನ ಮನೆಯಲ್ಲೇ ಇದ್ದಾರೆ. ನಿನ್ನ ತಾಯಿ ಕೈಲಾಸದ ಫೋಟೋಗಳನ್ನು ನೋಡುವುದಿಲ್ಲ ಎಂದು ಹಸ್ತಪ್ರತಿಯಲ್ಲಿ ಎಲ್ಲೋ ಒಂದು ಕಡೆ ಬಾಯಿ ಬಿಟ್ಟಿದ್ದೀಯ. ನಿನ್ನ ಅಣ್ಣನ ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳನ್ನು ನೆರೆಮನೆಯವರಿಗೆ ಒಪ್ಪಿಸಿ ಅಜ್ಜಿ ಹೊರಟಿದ್ದಳು. ಇದು ನಿನಗೆ ಗೊತ್ತಿದೆ, ಬರೆಯಲು ಹೆದರಿದ್ದೀಯ. ಬರೆದರೆ ಅಜ್ಜಿ ಸಣ್ಣವಳಾಗುತ್ತಾಳೆ ಎಂಬ ಭಯವೇ? ಹೋಗಿ ಅಮ್ಮನ ಹತ್ತಿರ ಕೂತು ಮಾಲ್ಪಾದ ಸುದ್ದಿ ಬಂದ ದಿನದ ಬಗ್ಗೆ ಕೇಳು. ಬಾಣಂತನದ ಮಾತು ತಾನಾಗಿಯೇ ಬಂದೀತು. ಬೈದರೆ ಬೈಗುಳವನ್ನೂ ಬರೆ. ಏನೂ ಹೇಳದಿದ್ದರೆ, ಹೇಳಲಿಲ್ಲ ಎಂದು ಬರೆದು ಮುಂದೆ ಹೋಗು. ಅಮ್ಮನ ಪರವಾಗಿ ನೀನು ಉತ್ತರ ಕಟ್ಟಬೇಡ.

ಬರೆಯುವುದನ್ನು ಬಿಡುವ ವಿಷಯವನ್ನು ಆಮೇಲೆ ನೋಡೋಣ. ಮುಂದಿನ ಕರಡು ದೀಪಾವಳಿಯ ಒಳಗೆ ಬರಲಿ, ಅಕ್ಷರ ಸ್ವಲ್ಪ ದೊಡ್ಡದಿರಲಿ. ಏಳನೆಯ ಅಧ್ಯಾಯ ಅದರಲ್ಲೂ ಇದ್ದರೆ ಓದದೆ ವಾಪಸು ಕಳಿಸುತ್ತೇನೆ, ಅಂಚೆ ಖರ್ಚು ನಿನ್ನದು.

ಇಂತಿ,
ನಿನ್ನ ಹಿತೈಷಿ