ಅಪ್ಪಯ್ಯನವರಿಗೆ, ಮನೆಯ ಕಂಪ್ಯೂಟರಿನ ವಿಷಯವಾಗಿ

ಮಸ್ಕತ್,
23 ಜನವರಿ 2026

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗನ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ನಿಮ್ಮ, ಅಮ್ಮನ ಮತ್ತು ಅಕ್ಕನ ಮನೆಯವರ ಕ್ಷೇಮಕ್ಕೆ ಬರೆಯಿಸುವುದು.

ಕಳೆದ ಭಾನುವಾರ ಉಡುಪಿಯ ಶೀರೂರು ಪರ್ಯಾಯದ ಮೆರವಣಿಗೆಯನ್ನು ನೋಡಲು ನೀವು ನಿದ್ದೆಗೆಟ್ಟು ಜೋಡುಕಟ್ಟೆಯ ಬಳಿ ನಿಂತದ್ದನ್ನೂ, ಮನೆಗೆ ಬಂದು ಮೊಬೈಲಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಲು ಕುಳಿತವರು ಮಧ್ಯಾಹ್ನ ಕಳೆದರೂ ಊಟಕ್ಕೆ ಏಳಲಿಲ್ಲವೆಂಬುದನ್ನೂ ಅಮ್ಮ ಫೋನಿನಲ್ಲಿ ಹೇಳಿದರು. ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ ಬಂದು ಕುಳಿತರೆ, ಉದಯವಾಣಿಯ ಕೊನೆಯ ಪುಟ ಓದಿ ಮುಗಿಸುವ ಹೊತ್ತಿಗೆ ಅದು ಕೆಲಸಕ್ಕೆ ಸಿದ್ಧವಾಗುತ್ತದೆ ಎಂದೂ ತಿಳಿಯಿತು. ಪೇಟೆಯ ಅಂಗಡಿಯವರು ‘ಇದಕ್ಕೆ ವಯಸ್ಸಾಯಿತು, ಹೊಸತು ತೆಗೆದುಕೊಳ್ಳಿ’ ಎಂದಿದ್ದಾರಂತೆ. ನೀವೂ ಒಪ್ಪುವ ಹಾಗಿದ್ದೀರಂತೆ. ದಯವಿಟ್ಟು ಅವಸರ ಮಾಡಬೇಡಿ. ಈ ವಿಷಯವನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದದಲ್ಲಿದ್ದರೆ ಕೆಲಸಕ್ಕೆ ಬಂದವರ ಮುಂದೆ ಹಿಡಿದು ಕೇಳಬಹುದು ಎಂದು ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ನಮ್ಮ ಹುಡುಗ ಮಾಣಿಗೆ ಒಂದು ಕೆಲಸ ಹೇಳಿದ್ದೆ. ಕಂಪ್ಯೂಟರು ತಡವರಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನ ಫೋಟೋ ಕಳಿಸು ಎಂದಿದ್ದೆ. ಅವನು ಕಳಿಸಿದ ಫೋಟೋದಲ್ಲಿ ಪ್ರೊಸೆಸರಿನ ಎದುರು ಶೇ. 12, ಮೆಮೊರಿಯ ಎದುರು ಶೇ. 81, ಡಿಸ್ಕಿನ ಎದುರು ಶೇ. 100 ಎಂದಿತ್ತು. ನನಗೆ ಬೇಕಾದ ಉತ್ತರ ಅಲ್ಲಿಯೇ ಸಿಕ್ಕಿತು. ನಮ್ಮ ಕಂಪ್ಯೂಟರಿನ ಮಿದುಳಿಗೆ ವಯಸ್ಸಾಗಿಲ್ಲ. ಅದು ಮುಕ್ಕಾಲು ಪಾಲು ಹೊತ್ತು ಸುಮ್ಮನೆ ಕಾಯುತ್ತಾ ಕುಳಿತಿದೆ.

ಇದನ್ನು ನಿಮ್ಮ ಬ್ಯಾಂಕಿನ ಮಾತಿನಲ್ಲೇ ಹೇಳಬಹುದು. ಕೌಂಟರಿನಲ್ಲಿ ಬಹಳ ಚುರುಕಾದ ಗುಮಾಸ್ತರೊಬ್ಬರು ಇದ್ದಾರೆ, ಆದರೆ ಪ್ರತಿಯೊಬ್ಬ ಗ್ರಾಹಕನ ಲೆಡ್ಜರನ್ನೂ ಹಿಂದಿನ ದಾಖಲೆ ಕೋಣೆಯಿಂದಲೇ ತರಿಸಬೇಕು, ತಂದುಕೊಡುವವರು ಒಬ್ಬರೇ, ಅವರಿಗೆ ಮಂಡಿನೋವು ಎಂದುಕೊಳ್ಳಿ. ಗುಮಾಸ್ತರನ್ನು ಬದಲಿಸಿದರೆ ಸಾಲು ಕರಗುವುದಿಲ್ಲ. ಪ್ರೊಸೆಸರು ಆ ಗುಮಾಸ್ತರಾದರೆ, ಮೆಮೊರಿ ಅವರ ಮೇಜು, ಹಾರ್ಡ್ ಡಿಸ್ಕ್ ಆ ದಾಖಲೆ ಕೋಣೆ.

2014ರಲ್ಲಿ ನಾವು ಕೊಂಡ ಆ ಪೆಟ್ಟಿಗೆಯೊಳಗೆ ಇರುವುದು ತಿರುಗುವ ತಟ್ಟೆಗಳ 500 ಜಿಬಿ ಹಾರ್ಡ್ ಡಿಸ್ಕ್. ತಟ್ಟೆಗಳು ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಕೇಳಲು ವೇಗವೇ ಸರಿ. ಆದರೆ ಒಂದು ಸಣ್ಣ ಕಡತ ಬೇಕಾದಾಗ, ಓದುವ ತೋಳು ಆ ಜಾಗದವರೆಗೆ ಸರಿದು, ಆಮೇಲೆ ತಟ್ಟೆಯ ಆ ಭಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಎರಡೂ ಸೇರಿ ಸರಾಸರಿ ಹತ್ತು ಮಿಲಿಸೆಕೆಂಡಿಗೂ ಮೇಲಾಗುತ್ತದೆ. ಹಾಗಾಗಿ ಅಲ್ಲಲ್ಲಿ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರ ಒಳಗೆ ಮಾತ್ರ ತರಲು ಸಾಧ್ಯ. ವಿಂಡೋಸ್ ಎದ್ದು ನಿಲ್ಲುವ ಹೊತ್ತಿಗೆ ಓದುವುದು ಇಂಥ ಸಾವಿರಾರು ಚೂರುಗಳನ್ನು. ನೀವು ಪತ್ರಿಕೆ ಓದುತ್ತಿರುವಾಗ ಪೆಟ್ಟಿಗೆಯ ಮುಂಭಾಗದ ಸಣ್ಣ ಕೆಂಪು ದೀಪ ಆರದೆ ಉರಿಯುವುದು, ಒಳಗಿನಿಂದ ಕಿರಕಿರ ಸದ್ದು ಬರುವುದು ಇದೇ ಕಾರಣಕ್ಕೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ, ಎಲ್ಲವೂ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿಯೇ ಇರುತ್ತದೆ. ಅದು ಅಂಥ ಚೂರುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರದಷ್ಟು ಕೊಡಬಲ್ಲದು. ಇಲ್ಲಿ ನಮ್ಮ ಕಚೇರಿಯಲ್ಲಿ ಗುಜರಿಗೆ ಹೋಗಲಿದ್ದ ಹತ್ತು ವರ್ಷ ಹಳೆಯ ಕಂಪ್ಯೂಟರುಗಳಿಗೆ ಡಿಸ್ಕ್ ಮಾತ್ರ ಬದಲಿಸಿ ಕೊಟ್ಟಾಗ, ಅವುಗಳನ್ನು ಬಳಸುತ್ತಿದ್ದವರು ‘ಯಂತ್ರವನ್ನೇ ಬದಲಿಸಿದಿರಾ’ ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಆದುದರಿಂದ ಕೊಳ್ಳಬೇಕಾದದ್ದು 500 ಜಿಬಿಯ, ಎರಡೂವರೆ ಇಂಚಿನ, ಸಾಟಾ ಬಗೆಯ ಒಂದು ಎಸ್‌ಎಸ್‌ಡಿ. ನಮ್ಮ ಪೆಟ್ಟಿಗೆಯೊಳಗಿನ ಮುಖ್ಯ ಬೋರ್ಡಿಗೆ ಹೊಂದುವುದು ಅದೇ. ಅದಕ್ಕಿಂತ ವೇಗದ್ದೆಂದು ತೋರಿಸುವ, ಕಡ್ಡಿಯ ಆಕಾರದ ಡಿಸ್ಕ್ ನಮ್ಮದರಲ್ಲಿ ಕೂರುವುದಿಲ್ಲ. ಜೊತೆಗೆ 4 ಜಿಬಿಯ ಇನ್ನೊಂದು ಮೆಮೊರಿ ಪಟ್ಟಿ ಸಿಕ್ಕಿದರೆ ಹಾಕಿಸಿ, ಏಕೆಂದರೆ ಈಗಿನ ಬ್ರೌಸರುಗಳಿಗೆ ಇರುವ 4 ಜಿಬಿ ಸಾಲುವುದಿಲ್ಲ. ಮೇಜು ತುಂಬಿದಾಗ ಲೆಡ್ಜರುಗಳನ್ನು ಮತ್ತೆ ದಾಖಲೆ ಕೋಣೆಗೇ ಹೊತ್ತು ಹಾಕಬೇಕಾಗುತ್ತದೆ. ಆ ಮೆಮೊರಿ ಪಟ್ಟಿ ಡಿಡಿಆರ್3 ಎಂಬ ಬಗೆಯದೇ ಆಗಿರಬೇಕು. ಡಿಡಿಆರ್4 ಪಟ್ಟಿಯ ಸೀಳು ಬೇರೆ ಜಾಗದಲ್ಲಿರುವುದರಿಂದ ನಮ್ಮ ಬೋರ್ಡಿನಲ್ಲಿ ಅದು ಕೂರುವುದೇ ಇಲ್ಲ. ಮೆಮೊರಿಯ ಬೆಲೆ ಈಚೆಗೆ ಏರಿದೆ. ಬಹಳ ದುಬಾರಿ ಹೇಳಿದರೆ ಬಿಡಿ, ಡಿಸ್ಕ್ ಒಂದನ್ನೇ ಬದಲಿಸಿದರೂ ನಿಮ್ಮ ಬೆಳಗಿನ ಕಾಯುವಿಕೆ ತಪ್ಪುತ್ತದೆ. ಎರಡೂ ಸೇರಿದರೂ ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಷ್ಟೇ ಆದೀತು.

ಇಷ್ಟೆಲ್ಲ ಹೇಳಿದರೂ, ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ, ಮತ್ತು ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಅಕ್ಕನ ಮದುವೆಯ ಫೋಟೋಗಳು ಹೋದದ್ದು ನಿಮಗೆ ನೆನಪಿದೆ. ಅಂದು ಒಂದು ಅಂಗಡಿಗೆ ಕೊಟ್ಟಾಗ ‘ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ’ ಎಂದರು, ಸರಿಯೂ ಆಯಿತು. ಮನೆಗೆ ತಂದು ನೋಡಿದರೆ ಧಾರೆಯ ಒಂದು ಚಿತ್ರವೂ ಉಳಿದಿರಲಿಲ್ಲ. ಅಮ್ಮ ಎರಡು ದಿನ ಮಾತನಾಡಲಿಲ್ಲ. ಈಗ ಅದೇ ಪೆಟ್ಟಿಗೆಯಲ್ಲಿ, ಹಳೆಯ ಕ್ಯಾಸೆಟ್ಟುಗಳಿಂದ ನೀವು ಒಂದೊಂದಾಗಿ ಇಳಿಸಿದ ಅಜ್ಜಯ್ಯನ ಯಕ್ಷಗಾನ ಭಾಗವತಿಕೆ ಇದೆ, ನಿವೃತ್ತಿಯ ನಂತರ ನೀವು ಟೈಪು ಮಾಡಿದ ಪ್ರಸಂಗದ ಪದ್ಯಗಳಿವೆ. ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಎಷ್ಟೋ ವರ್ಷವಾಯಿತು. ಅಜ್ಜಯ್ಯನ ಧ್ವನಿ ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ. ಡಿಸ್ಕ್ ನಿಧಾನವಾಗುವುದು ಕೆಲವೊಮ್ಮೆ ಅದು ಕೆಡುತ್ತಿರುವುದರ ಸೂಚನೆಯೂ ಹೌದು.

ಆದುದರಿಂದ ಯಾರೂ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಒಂದು ಹೊರ ಡಿಸ್ಕ್ ತರಿಸಿ, ಮಾಣಿಯ ಕೈಯಲ್ಲಿ ಧ್ವನಿ, ಫೋಟೋ, ಪ್ರಸಂಗ ಈ ಮೂರು ಫೋಲ್ಡರುಗಳನ್ನು ನಕಲು ಮಾಡಿಸಿ. ನಕಲಾದ ಮೇಲೆ ಆ ಹೊರ ಡಿಸ್ಕನ್ನು ಅಕ್ಕನ ಲ್ಯಾಪ್‌ಟಾಪಿಗೆ ಹಾಕಿ, ಅಜ್ಜಯ್ಯನ ಎರಡು ಮೂರು ಪದ್ಯಗಳನ್ನು ಕೇಳಿ ನೋಡಿ. ತೆರೆದು ನೋಡದ ನಕಲನ್ನು ನಾನು ನಕಲೆಂದು ಎಣಿಸುವುದಿಲ್ಲ. ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿಯೇ ಇರಲಿ. ಒಂದೇ ಸೂರಿನಡಿ ಎರಡು ಪ್ರತಿಗಳಿದ್ದರೆ ಒಂದು ಸಿಡಿಲಿಗೆ ಎರಡೂ ಹೋಗಬಹುದು. ನಕಲು ಮಾಡುವಾಗ ಒಳಗಿನಿಂದ ‘ಟಿಕ್, ಟಿಕ್’ ಎಂದು ಒಂದೇ ಸಮನೆ ಬಡಿಯುವ ಸದ್ದು ಬಂದರೆ ಕೂಡಲೇ ಯಂತ್ರವನ್ನು ಆರಿಸಿ ನನಗೆ ಫೋನು ಮಾಡಿ. ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಕಂಪ್ಯೂಟರನ್ನು ಅಂಗಡಿಗೆ ಕೊಡುವುದು ಬೇಡ. ರಿಪೇರಿಯವರನ್ನು ಮನೆಗೇ ಕರೆಸಿ, ಕೆಲಸ ಮುಗಿಯುವವರೆಗೆ ಹತ್ತಿರವೇ ಕುಳಿತಿರಿ. ಹಳೆಯ ಡಿಸ್ಕಿನಲ್ಲಿರುವುದನ್ನು ಇದ್ದ ಹಾಗೆಯೇ ಹೊಸದಕ್ಕೆ ಕ್ಲೋನ್ ಮಾಡಿಕೊಡಿ ಎಂದು ಕೇಳಿ. ಆಗ ಕನ್ನಡ ಟೈಪು ಮಾಡುವ ನಿಮ್ಮ ‘ನುಡಿ’ ತಂತ್ರಾಂಶ, ಪ್ರಿಂಟರು ಎಲ್ಲವೂ ಮೊದಲಿನಂತೆಯೇ ಇರುತ್ತವೆ. ಬಿಚ್ಚಿದ ಹಳೆಯ ಡಿಸ್ಕನ್ನು ಅವರಿಗೆ ಕೊಡಬೇಡಿ, ಬಟ್ಟೆಯಲ್ಲಿ ಸುತ್ತಿ ಗೋದ್ರೇಜಿನಲ್ಲಿ ಇಡಿ.

ಪೆಟ್ಟಿಗೆ ತೆರೆದಾಗಲೇ ಇನ್ನೊಂದು ಕೆಲಸವೂ ಆಗಲಿ. ಕಳೆದ ಸಲ ನಾನು ಬಂದಾಗ ನೋಡಿದಂತೆ, ಪ್ರೊಸೆಸರಿನ ಮೇಲಿನ ಲೋಹದ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದೆ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆಯೂ ಇತ್ತು. ಗಾಳಿಯಾಡದೆ ಬಿಸಿಯೇರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ಲೋವರಿನಿಂದ ಊದುವಾಗ ಫ್ಯಾನಿನ ಎಲೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಲು ಹೇಳಿ. ನಮ್ಮ ಕರಾವಳಿಯ ತೇವಕ್ಕೆ ಮೆಮೊರಿ ಪಟ್ಟಿಯ ಹಳದಿ ಅಂಚು ಮಾಸುತ್ತದೆ. ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಗಡಿಯಾರ ತಪ್ಪು ದಿನಾಂಕ ತೋರಿಸುತ್ತದೆ ಎಂದಿದ್ದಿರಲ್ಲ, ಅದಕ್ಕೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿರುವುದೇ ಕಾರಣವಿರಬೇಕು. ಸಿಆರ್2032 ಎಂದು ಕೇಳಿದರೆ ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ.

ಇನ್ನು ಮಾಣಿ ಮಾಡಬಹುದಾದ ಸಣ್ಣ ಕೆಲಸಗಳು. ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ, ಕಂಪ್ಯೂಟರಿನ ಜೊತೆಗೇ ಎದ್ದು ಕೂರುವ, ನೀವು ಬಳಸದ ತಂತ್ರಾಂಶಗಳನ್ನೆಲ್ಲ ಅವನು ನಿಲ್ಲಿಸಲಿ. ಆಂಟಿವೈರಸ್ ಎರಡಿವೆ, ಇಬ್ಬರು ಕಾವಲುಗಾರರು ಒಂದೇ ಕಡತವನ್ನು ಎರಡೆರಡು ಸಲ ತಪಾಸಣೆ ಮಾಡುತ್ತಿದ್ದಾರೆ. ವಿಂಡೋಸಿನದೇ ಡಿಫೆಂಡರ್ ಸಾಕು, ಅವಧಿ ಮುಗಿದ ಇನ್ನೊಂದನ್ನು ತೆಗೆಯಲಿ. ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಇಲ್ಲಿ ಒತ್ತಿ’ ಎಂದು ಪರದೆಯಲ್ಲಿ ಹಾರಿ ಬರುವುದನ್ನು ಮಾತ್ರ ಎಂದಿಗೂ ಒತ್ತಬೇಡಿ, ಅಲ್ಲಿರುವ ನಂಬರಿಗೆ ಫೋನು ಮಾಡಬೇಡಿ. ಅದು ನಿಮ್ಮ ಬ್ಯಾಂಕ್ ಖಾತೆಗೆ ಕೈ ಹಾಕುವವರ ಕೆಲಸ.

ಅಂಗಡಿಯವರು ಹೇಳಿದ ಒಂದು ಮಾತು ನಿಜ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ, ಮತ್ತು ನಮ್ಮ ನಾಲ್ಕನೆಯ ತಲೆಮಾರಿನ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ಆದರೆ ಹೆಸರು ನೋಂದಾಯಿಸಿದರೆ ಭದ್ರತಾ ಅಪ್‌ಡೇಟುಗಳು 13 ಅಕ್ಟೋಬರ್ 2026ರವರೆಗೆ ಸಿಗುತ್ತವೆ. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದನ್ನು ಮಾಡಬಹುದು, ಬರುವ ಶುಕ್ರವಾರ ನಾನೇ ಮಾಣಿಯ ಜೊತೆ ಫೋನಿನಲ್ಲಿದ್ದು ಮಾಡಿಸುತ್ತೇನೆ. ಆ ಅವಧಿ ಮುಗಿಯುವ ಮೊದಲು ಊರಿಗೆ ಬಂದು, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿಕೊಡುವ ಯೋಚನೆಯಿದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಮತ್ತು ನಿಮ್ಮ ಬೆರಳುಗಳಿಗೆ ರೂಢಿಯಾದ, ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯೇ ಅಲ್ಲಿಯೂ ಇದೆ. ಒಂದೇ ತೊಡಕೆಂದರೆ, ಹಳೆಯ ನುಡಿ ಫಾಂಟಿನಲ್ಲಿರುವ ನಿಮ್ಮ ಪದ್ಯಗಳು ಆ ಫಾಂಟು ಇಲ್ಲದ ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಾಗಾಗಿ ನುಡಿಯಲ್ಲಿಯೇ ಇರುವ ಪರಿವರ್ತಕದಿಂದ ದಿನಕ್ಕೊಂದು ಪ್ರಸಂಗದಂತೆ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುತ್ತಾ ಬನ್ನಿ. ಒತ್ತಕ್ಷರಗಳು ಕೆಲವೆಡೆ ತಪ್ಪಬಹುದು, ಅದನ್ನು ಗುರುತಿಸಬಲ್ಲವರು ನಮ್ಮ ಮನೆಯಲ್ಲಿ ನೀವೊಬ್ಬರೇ.

ಏಪ್ರಿಲಿನಲ್ಲಿ ಗುಡುಗು ಶುರುವಾದ ಮೇಲೆ ಕರೆಂಟಿನ ಪ್ಲಗ್ಗನ್ನೂ ಇಂಟರ್ನೆಟ್ಟಿನ ವಯರನ್ನೂ ಎರಡನ್ನೂ ಕಿತ್ತಿಡಿ. ಡಿಸ್ಕಿನ ಹಣವನ್ನು ಭಾವನ ಖಾತೆಗೆ ಹಾಕುತ್ತೇನೆ. ಹೊರ ಡಿಸ್ಕಿಗೆ ನಕಲಾದ ದಿನ, ಅಜ್ಜಯ್ಯನ ಒಂದು ಪದ್ಯವನ್ನು ನನ್ನ ಮೊಬೈಲಿಗೂ ಕಳಿಸಲು ಮಾಣಿಗೆ ಹೇಳಿ. ನನ್ನ ಮಗಳು ಮುತ್ತಜ್ಜನ ಧ್ವನಿಯನ್ನು ಇನ್ನೂ ಕೇಳಿಲ್ಲ.

ಅಮ್ಮನಿಗೆ ನಮಸ್ಕಾರಗಳು, ಮಾಣಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಪ್ರೀತಿಯ ಮಗ