ಲೂಥರ್ ಹೇಳಿದ ಸ್ವಾತಂತ್ರ್ಯ ಯಾವುದು?

ಮಾನ್ಯ ಸಂಪಾದಕರೇ,

ಕ್ರೈಸ್ತ ಧರ್ಮ ಸುಧಾರಣೆಯನ್ನು ನೆನೆಯುವ ಅಕ್ಟೋಬರ್ 31ರ ಸುಧಾರಣಾ ದಿನದ ನಿಮಿತ್ತ ಪತ್ರಿಕೆಯಲ್ಲಿ ಬಂದ ಲೇಖನವು, ಮನುಷ್ಯನ ಇಚ್ಛೆ ಪೂರ್ಣ ಸ್ವತಂತ್ರವೆಂದು ಆ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಸಾರಿದರೆಂದು ಹೇಳಿದೆ. ಲೂಥರ್ ಹೇಳಿದ್ದು ಇದಕ್ಕೆ ತದ್ವಿರುದ್ಧ.

1520ರಲ್ಲಿ ಅವರು ಬರೆದ ಕಿರುಹೊತ್ತಗೆಯ ವಿಷಯ ಕ್ರೈಸ್ತನ ಸ್ವಾತಂತ್ರ್ಯವೇ ಹೌದು. ಕ್ರೈಸ್ತನು ಎಲ್ಲದಕ್ಕೂ ಒಡೆಯ, ಯಾರಿಗೂ ಅಧೀನನಲ್ಲ. ಅದೇ ಕ್ರೈಸ್ತನು ಎಲ್ಲರ ಸೇವಕ, ಎಲ್ಲರಿಗೂ ಅಧೀನ ಎಂಬ ಎರಡು ಮಾತುಗಳನ್ನು ಅಲ್ಲಿ ಜೊತೆಯಾಗಿಯೇ ಇಡುತ್ತಾರೆ. ಪುಣ್ಯ ಕೂಡಿಟ್ಟು ದೇವರ ಮೆಚ್ಚುಗೆ ಗಳಿಸಬೇಕೆಂಬ ಭಾರವನ್ನು ನಂಬಿಕೆ ಇಳಿಸುತ್ತದೆ, ಹಾಗೆ ಹಗುರಾದವನು ಲೆಕ್ಕವಿಡದೆ ನೆರೆಯವನ ಕೆಲಸಕ್ಕೆ ನಿಲ್ಲುತ್ತಾನೆ ಎಂಬುದು ಅದರ ತಾತ್ಪರ್ಯ. ಆದರೆ ಆ ನಂಬಿಕೆಯನ್ನು ಮನುಷ್ಯ ತನ್ನಿಚ್ಛೆಯಿಂದ ತಂದುಕೊಳ್ಳಲಾರ. 1524ರಲ್ಲಿ ಇಚ್ಛಾಸ್ವಾತಂತ್ರ್ಯದ ಪರವಾಗಿ ಬರೆದ ವಿದ್ವಾಂಸ ಎರಾಸ್ಮಸ್‌ಗೆ ಮರುವರ್ಷ ಉತ್ತರಿಸುತ್ತ, ನಮ್ಮ ಇಚ್ಛೆ ಸವಾರಿಯ ಪಶುವಿನಂತೆ, ದೇವರು ಏರಿದರೆ ದೇವರ ದಾರಿ, ಸೈತಾನ ಏರಿದರೆ ಅವನ ದಾರಿ ಎಂದರು. ನಮ್ಮ ಬೀದರ್ ಕಡೆಯ ಮೆಥಡಿಸ್ಟರು ಇದನ್ನು ಪೂರ್ತಿ ಒಪ್ಪುವವರಲ್ಲ; 1738ರಲ್ಲಿ ಬೈಬಲಿನ ರೋಮಾಪುರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದುವುದನ್ನು ಕೇಳಿಯೇ ಹೃದಯ ಬೆಚ್ಚಗಾದ, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಕೂಡ, ಮುಂಚಿತವಾಗಿ ಬರುವ ಕೃಪೆಯಿಂದ ಎಲ್ಲರಿಗೂ ದೇವರ ಕರೆಗೆ ಓಗೊಡುವ ಶಕ್ತಿ ಮರಳಿದೆ ಎಂದೇ ಬೋಧಿಸಿದರು.

ಲೂಥರರ ಅನುಯಾಯಿಗಳು ಇಚ್ಛೆಗೆ ಜಾಗವನ್ನೇ ಕೊಡಲಿಲ್ಲವೆಂದೂ ಅಲ್ಲ. ಅವರ ನಂಬಿಕೆಗಳನ್ನು ಸಾರುವ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 18ನೆಯ ವಿಧಿ, ಹೊಲದಲ್ಲಿ ದುಡಿಯಲು, ಮನೆ ಕಟ್ಟಲು, ಮದುವೆಯಾಗಲು, ದನ ಸಾಕಲು ಮನುಷ್ಯ ಸ್ವತಂತ್ರನೆಂದು ಒಪ್ಪುತ್ತದೆ. ನನಗೆ ತೊಡಕಾಗುವುದು ಇಲ್ಲಿಯೇ. ಹುಮನಾಬಾದ್ ಬಳಿಯ ಹಳ್ಳಿಯೊಂದರಲ್ಲಿ ಜೀತಕ್ಕಿದ್ದ ನಮ್ಮಜ್ಜನಿಗೆ ಇವುಗಳಲ್ಲಿ ಒಂದೂ ಅವನ ಇಚ್ಛೆಗೆ ಬಿಟ್ಟದ್ದಾಗಿರಲಿಲ್ಲ. ಭಾನುವಾರ ನಸುಕಿನಲ್ಲಿ ಸಾಹುಕಾರರ ಎತ್ತುಗಳಿಗೆ ಕಣಕಿ ಹಾಕಿ, ಅಪ್ಪಣೆ ಕೇಳಿ ಅವನು ಚರ್ಚಿಗೆ ಬರುತ್ತಿದ್ದ. ಒಳಗೆ ದೇವರ ಮಗ ಎನಿಸಿಕೊಂಡವನು ಹಿಂದಿರುಗುವಾಗ ವಾಡೆಯ ಮುಂದೆ ಕೆರ ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ.

1525ರಲ್ಲಿ ಜರ್ಮನಿಯ ರೈತರು ತಮ್ಮ ಹನ್ನೆರಡು ಬೇಡಿಕೆಗಳಲ್ಲಿ ಮೂರನೆಯದಾಗಿ, ಕ್ರಿಸ್ತನು ಕುರುಬನನ್ನೂ ದೊಡ್ಡವನನ್ನೂ ತನ್ನ ರಕ್ತದಿಂದಲೇ ಬಿಡಿಸಿದ್ದರಿಂದ ತಮ್ಮನ್ನು ಜೀತದಾಳುಗಳಂತೆ ಕಾಣಬಾರದೆಂದು ಕೇಳಿದಾಗ, ಇದು ಆತ್ಮದ ಸ್ವಾತಂತ್ರ್ಯವನ್ನು ದೇಹದ ಮಟ್ಟಕ್ಕಿಳಿಸುವ ಮಾತೆಂದು ಲೂಥರ್ ತಳ್ಳಿಹಾಕಿದರು. ದೇವಶಾಸ್ತ್ರದಲ್ಲಿ ಈ ಭೇದಕ್ಕೆ ಆಧಾರವಿರಬಹುದು, ಆದರೆ ಅಂದು ರೈತರ ಕಡೆಗೇ ನ್ಯಾಯವಿತ್ತೆಂದು ನಾನು ನಂಬುತ್ತೇನೆ. ನಮ್ಮಲ್ಲಿ ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಲೇಖಕರು ಲೂಥರರನ್ನು ಹೊಗಳಲಿ. ಜೊತೆಗೆ ಈ ಮೂರನೆಯ ಬೇಡಿಕೆ ಮತ್ತು ಅದಕ್ಕೆ ಅವರು ಕೊಟ್ಟ ಉತ್ತರವನ್ನೂ ಓದುಗರ ಮುಂದಿಡಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಹುಮನಾಬಾದ್, ಬೀದರ್ ಜಿಲ್ಲೆ